ಬೈರಮ್ಮನ ಜಾಲಿಮುಳ್ಳು

ಬೈರಮ್ಮನ ಮಾತು ಬಂದಾಗಲೆಲ್ಲ ಜನ ನನ್ನನ್ನು ಹೊಗಳುತ್ತಾರೆ. ಕೇಳಿದರೆ ಮೈ ಉರಿಯುತ್ತದೆ. "ಕಾಂಪೌಂಡರ್ ಹನುಮಂತಯ್ಯ ಜೊತೇಲಿ ಹೋಗ್ದಿದ್ರೆ ಆ ಕೂಸು ಉಳೀತಿತ್ತಾ?" ಅಂತಾರೆ. ಅವರ ತಲೆ! ಆ ಕೂಸು ಸಾವಿನ ಬಾಗಿಲಿಗೆ ಹೋದದ್ದೇ ನನ್ನ ನಾಲಿಗೆಯಿಂದ.

ಬೈರಮ್ಮ ಮಾಕಳಿದುರ್ಗದ ತಪ್ಪಲಿನ ಒಂದು ಹಳ್ಳಿಯ ಸೂಲಗಿತ್ತಿ. ಸುತ್ತಿನ ಏಳೆಂಟು ಹಳ್ಳಿಗಳಲ್ಲಿ ಅರ್ಧ ಜನ ಅವಳ ಕೈಮೇಲೆ ಭೂಮಿಗೆ ಬಂದವರು. ಕುರುವೋ ಕೀವುಗಡ್ಡೆಯೋ ಎದ್ದರೆ ಜಾಲಿಮುಳ್ಳಿಗೆ ಅರಿಶಿನ ಸವರಿ, ಚುಚ್ಚಿ ಹಿಂಡಿಬಿಡುತ್ತಿದ್ದಳು. ಬಾಯಿ ಜೋರು. ನಮ್ಮ ಹೋಬಳಿಯ ದವಾಖಾನೆಯ ಮುಂದೆ ಹಾದುಹೋಗುವಾಗ, "ಬಣ್ಣದ ಔಷ್ದಿ ಖರ್ಚಾಯ್ತಾ ಸ್ವಾಮೀ?" ಅಂತ ನನ್ನನ್ನು ಕೆಣಕದ ದಿನವಿಲ್ಲ. ನಾನೂ ಬಿಡುತ್ತಿರಲಿಲ್ಲ. "ನಿನ್ನ ಮುಳ್ಳು ಮೊಂಡಾಯ್ತಾ?" ಅಂತಿದ್ದೆ.

೧೯೪೬ರ ಬೇಸಿಗೆಯಲ್ಲಿ ಅವಳ ಒಬ್ಬಳೇ ಮಗಳು ಲಕ್ಕಮ್ಮ ಹೆರಿಗೆಗೆ ತವರಿಗೆ ಬಂದಳು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದ ಹೆಣ್ಣುಕೂಸು. ಹುಟ್ಟುವಾಗಲೇ ಎಡದವಡೆಯ ಕೆಳಗೆ ನಿಂಬೆಹಣ್ಣಿನಷ್ಟು ಮೆತ್ತನೆಯ ಊತ. ಅಷ್ಟು ಕೂಸುಗಳನ್ನು ಎತ್ತಿದ ಬೈರಮ್ಮ ಅಂಥದ್ದನ್ನು ಕಂಡಿರಲಿಲ್ಲ. ತಿಂಗಳೊಳಗೆ ಅದು ಕೋಳಿಮೊಟ್ಟೆಯಷ್ಟಾಯಿತು, ಕೂಸು ಅತ್ತರೆ ಇನ್ನೂ ಉಬ್ಬುತ್ತಿತ್ತು. ಒಂದು ದಿನ ಅವಳು ಮಗಳನ್ನೂ ಕೂಸನ್ನೂ ಕರೆದುಕೊಂಡು, ನನ್ನನ್ನು ಕೆಣಕದೆಯೇ ದವಾಖಾನೆಯ ಮೆಟ್ಟಿಲು ಹತ್ತಿದಳು.

ಡಾಕ್ಟರ್ ಕೋದಂಡರಾಮಯ್ಯನವರು ಒತ್ತಿ ನೋಡಿದರು. ಬಿಸಿಯಿಲ್ಲ, ಕೂಸಿಗೆ ನೋವೂ ಇಲ್ಲ. ಕಿಟಕಿ ಮುಚ್ಚಿಸಿ, ಬ್ಯಾಟರಿ ದೀಪವನ್ನು ಊತಕ್ಕೆ ಆನಿಸಿ ಹೊತ್ತಿಸಿದರು. ಗಡ್ಡೆಯ ತುಂಬ ಕೆಂಪು ಬೆಳಕು ಹರಡಿತು. ಲಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಕೀವಾಗಿದ್ರೆ, ಮಾಂಸದ ಗಡ್ಡೆಯಾಗಿದ್ರೆ ಹೀಗೆ ಬೆಳಕು ಹಾಯ್ತಿರ್ಲಿಲ್ಲ," ಅಂದರು ಡಾಕ್ಟರು. "ಇದು ಹೈಗ್ರೋಮಾ. ಹೊಟ್ಟೇಲಿದ್ದಾಗ್ಲೇ ಮೈಯೊಳಗಿನ ತಿಳಿನೀರಿನ ನಾಳಗಳು ದಾರಿ ಸಿಗದೆ ಊದಿಕೊಂಡಿವೆ. ನನ್ನ ಸರ್ವಿಸ್ಸಲ್ಲಿ ಇದು ಎರಡನೇದು. ಗಡ್ಡೆ ಕೆಟ್ಟದ್ದಲ್ಲಮ್ಮ, ಇರೋ ಜಾಗ ಕೆಟ್ಟದ್ದು. ಒಂದು ಚೀಲ ಅಲ್ಲ, ಹತ್ತಾರು ಚೀಲ, ಗಂಟಲ ಸುತ್ತ ಬೇರು ಬಿಟ್ಟಿರುತ್ತೆ. ಬೆಂಗಳೂರಲ್ಲಿ ಕತ್ತರಿಸಿ ತೆಗೀಬೇಕು. ಅಲ್ಲೀವರೆಗೂ ಯಾರೂ ಮುಟ್ಕೂಡ್ದು."

ಕೂಸು ಸ್ವಲ್ಪ ತೂಕ ಕಟ್ಟಲಿ, ಆರು ವಾರ ಬಿಟ್ಟು ಕರೆತನ್ನಿ ಎಂದು ಡಾಕ್ಟರ ಕಾಗದಕ್ಕೆ ಬೆಂಗಳೂರಿನ ಸರ್ಜನ್ ಉತ್ತರ ಬರೆದರು.

ಬೈರಮ್ಮನದು ಮನೆದೇವರಿಗೆ ಮೊದಲ ಮುಡಿ ಕೊಡುವ ತನಕ ಕೂಸಿನ ಮೈಗೆ ಕಬ್ಬಿಣ ಸೋಕಿಸದ ಮನೆ. ಕೂಸಿನ ಉಗುರನ್ನೂ ತಾಯಿ ಹಲ್ಲಿನಿಂದಲೇ ಕಡಿದು ತೆಗೆಯಬೇಕು. ಕತ್ತರಿಸಬೇಕು ಎಂದ ಕೂಡಲೇ ಅವಳ ಮುಖ ಬಿಳಿಚಿಕೊಂಡಿತ್ತು. ಅವತ್ತೇ ಹೊರಗೆ ಜಗಲಿಯಲ್ಲಿ ನನ್ನ ಕೈ ಹಿಡಿದುಕೊಂಡಳು.

"ಒಳಗೇನೈತೆ ಸ್ವಾಮಿ? ನಿಜ ಹೇಳಿ."

ನನಗೆ ಅಯ್ಯೋ ಅನ್ನಿಸಿತು. ಡಾಕ್ಟರ ಎಚ್ಚರಿಕೆಯನ್ನು ಇನ್ನೊಮ್ಮೆ ಹೇಳುವುದು ಬಿಟ್ಟು, ದೊಡ್ಡ ಮನುಷ್ಯನ ಹಾಗೆ, "ಬರೀ ನೀರು ಕಣಮ್ಮ. ನೀನು ಒಡೀತೀಯಲ್ಲ, ಆ ಕುರುಗಿಂತ ಹಗುರ. ಹೆದರ್ಬೇಡ," ಅಂದುಬಿಟ್ಟೆ.

"ಕುರುಗಿಂತ ಹಗುರವಾ?" ಅಂದಳು. ಹೂಂ ಅಂದೆ. ಇಪ್ಪತ್ತು ವರ್ಷ ಔಷಧಿ ಕಲಸಿದ ತಲೆ, ಥೂ! ಆಗಲೂ ನನಗೆ ಹೊಳೆಯಲಿಲ್ಲ. ಮುಳ್ಳು ಕಬ್ಬಿಣವಲ್ಲವಲ್ಲ.

ಬೆಂಗಳೂರಿಗೆ ಹೋಗಲು ಇನ್ನು ಹನ್ನೆರಡು ದಿನವಿದ್ದಾಗ, ಲಕ್ಕಮ್ಮ ನೀರು ತರಲು ಹೋದ ಹೊತ್ತಿನಲ್ಲಿ ಬೈರಮ್ಮ ಚುಚ್ಚಿದಳು. ತಿಳಿಹಳದಿ ನೀರು ಅರ್ಧ ಬಟ್ಟಲು ಬಂತಂತೆ. ಊತ ಇಳಿದು ಕೂಸಿನ ಕತ್ತು ಕಾಣಿಸಿತು. ಲಕ್ಕಮ್ಮ ಅವ್ವನ ಕಾಲು ಹಿಡಿದು ಅತ್ತಳಂತೆ. ಅವತ್ತು ಸಂಜೆ ಬೈರಮ್ಮ ನನಗೆ ಒಂದು ಅಚ್ಚು ಬೆಲ್ಲ ಕಳಿಸಿದ್ದಳು. ಯಾಕೆ ಎಂದೂ ಕೇಳದೆ ತಿಂದೆ.

ಮೂರನೆಯ ದಿನ ಬೆಳಿಗ್ಗೆ ಕೂಸನ್ನು ಎತ್ತಿಕೊಂಡು ಇಬ್ಬರೂ ಓಡಿಬಂದರು. ಮೈ ಕೆಂಡವಾಗಿತ್ತು. ಊತ ಮೊದಲಿನ ಎರಡರಷ್ಟಾಗಿ, ಕೆಂಪಗೆ ಬಿಗಿದು ನಿಂತಿತ್ತು. ನಾಲಿಗೆ ಮೇಲಕ್ಕೆದ್ದು ಬಾಯಿ ಮುಚ್ಚುತ್ತಿರಲಿಲ್ಲ. ಉಸಿರೆಳೆದಾಗಲೆಲ್ಲ ಎದೆಗುಂಡಿ ಒಳಕ್ಕೆ ಹೋಗಿ ಗೊರಗೊರ ಸದ್ದು. ಮುಳ್ಳು ಚುಚ್ಚಿದ ಗುರುತು ಡಾಕ್ಟರ ಕಣ್ಣಿಗೆ ಬಿತ್ತು. ಬೈಯಲು ಪುರುಸೊತ್ತಿರಲಿಲ್ಲ.

"ಹನುಮಂತಯ್ಯ, ರೈಲು ಹತ್ತಿಸ್ಕೊಂಡು ನೀನೇ ಹೋಗು. ಅಂಗಾತ ಮಲಗಿಸ್ಬೇಡ."

ರೈಲಿನಲ್ಲಿ ಎಲ್ಲರೂ ಆ ಗೊರಗೊರವನ್ನೇ ಕೇಳುತ್ತಿದ್ದರು. ರಾಜಾನುಕುಂಟೆ ದಾಟಿದ ಮೇಲೆ ಅದು ನಿಂತಿತು. ತುಟಿ ನೀಲಿಯಾಯಿತು. ಲಕ್ಕಮ್ಮ ಕಿರುಚಿದಳು. ನಾನು, ಸರ್ಕಾರದ ಕಾಂಪೌಂಡರು, ಕಲ್ಲಿನ ಹಾಗೆ ಕೂತಿದ್ದೆ. ಬೈರಮ್ಮ ಕೂಸನ್ನು ಬೋರಲು ಹಿಡಿದು, ಬೆರಳು ಹಾಕಿ ನಾಲಿಗೆಯನ್ನು ಮುಂದಕ್ಕೆಳೆದಳು. ಮತ್ತೆ ಸದ್ದು ಬಂತು. ಬೆಂಗಳೂರು ಮುಟ್ಟುವ ತನಕ ಆ ಬೆರಳನ್ನು ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಗಂಟಲಿಗೆ ತೂತು ಮಾಡಿ ಉಸಿರಿಗೆ ಕೊಳವೆ ಇಟ್ಟರು. ಆಮೇಲೆ ಸರ್ಜನ್ ಹೊರಗೆ ಬಂದರು.

"ಯಾರು ಚುಚ್ಚಿದ್ದು?"

"ನಾನೇ ಸ್ವಾಮಿ."

"ಚುಚ್ಚಬಹುದು ಅನ್ನೋ ಧೈರ್ಯ ಯಾರು ಕೊಟ್ಟಿದ್ದು? ದವಾಖಾನೆಯವರಾ? ಹೇಳಮ್ಮ, ಮೇಲಕ್ಕೆ ಬರೀತೀನಿ."

ಬೈರಮ್ಮ ಒಮ್ಮೆ ನನ್ನ ಕಡೆ ನೋಡಿದಳು. ನನ್ನ ನಾಲ್ಕೂ ಮಕ್ಕಳ ಹೆರಿಗೆ ಮಾಡಿಸಿದವಳು ಅವಳೇ.

"ಯಾರೂ ಕೊಡ್ಲಿಲ್ಲ. ನಂದೇ ಕೊಬ್ಬು," ಅಂದಳು.

ನಾನು ಗೋಡೆ ನೋಡುತ್ತ ನಿಂತಿದ್ದೆ. ಲಕ್ಕಮ್ಮ ಎದ್ದು ಬಂದು, "ಅವ್ವಾ, ಇನ್ಮೇಲೆ ನನ್ ಕೂಸ್ನ ನೀನು ಮುಟ್ಟಂಗಿಲ್ಲ," ಅಂದಳು.

ಆಗಷ್ಟೇ ಬರತೊಡಗಿದ್ದ ಪೆನಿಸಿಲಿನ್ ಸೂಜಿಯನ್ನು ಮೂರು ಗಂಟೆಗೊಮ್ಮೆ ಕೊಟ್ಟರು. ಎರಡು ತಿಂಗಳ ಮೇಲೆ ಗಡ್ಡೆ ಕತ್ತರಿಸಿದರು. ನರಕ್ಕೆ ಅಂಟಿದ್ದ ಒಂದು ತುಣುಕನ್ನು ಮಾತ್ರ ಬಿಡಬೇಕಾಯಿತು. ಕೂಸು ಉಳಿಯಿತು. ಊರಲ್ಲಿ ಬೈರಮ್ಮನನ್ನು ಹೆರಿಗೆಗೆ ಕರೆಯುವುದು ನಿಂತುಹೋಯಿತು.

ಲಕ್ಕಮ್ಮ ಗಂಡನ ಮನೆಯಿಂದ ತಿಂಗಳಿಗೊಮ್ಮೆ ಮಗುವಿನ ಕತ್ತು ತೋರಿಸಲು ದವಾಖಾನೆಗೆ ಬರುತ್ತಿದ್ದಳು. ಅವಳು ಹೋದ ಮೇಲೆ ಬೈರಮ್ಮ ಬಂದು ಕಿಟಕಿಯ ಹೊರಗೇ ನಿಂತು ಕೇಳುತ್ತಿದ್ದಳು.

"ಉಸ್ರು ಸಲೀಸಾಗಿ ಆಡ್ತದಾ ಸ್ವಾಮಿ?"

"ಆಡ್ತದೆ ಬೈರಮ್ಮ."

ಮೂರು ವರ್ಷ ಹೀಗೇ ಕೇಳಿದಳು, ಆಮೇಲೆ ಸತ್ತಳು. ಮಣ್ಣಿಗೆ ಲಕ್ಕಮ್ಮ ಒಬ್ಬಳೇ ಬಂದಿದ್ದಳು, ಮಗುವನ್ನು ಕರೆತಂದಿರಲಿಲ್ಲ. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಅವತ್ತೂ ಹೇಳಲಿಲ್ಲ.