ಇರುವೆ ಹತ್ತದ ತುಂಬೆ

ಮಣಿನಗರ ನಿಲ್ದಾಣದ ಹಿಂದಿನ ಖಾಲಿ ಜಾಗ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗಿರಿಜಮ್ಮ ತುಂಬೆ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ಮೊಬೈಲ್ ಬೆಳಕಿನಲ್ಲಿ ಏನನ್ನೋ ಹುಡುಕುತ್ತಿದ್ದಾರೆ. ಹೂವಿಗೆ ಮಾತ್ರ ಕೈ ಹಾಕುತ್ತಿಲ್ಲ. ಹಾವೇ ಇರಬೇಕೆಂದು, ಅವರ ಕೆಲಸ ನೋಡಲು ಜೊತೆಗೆ ಬಂದ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

"ಹಾವಿಗೆ ಯಾರು ಅಂಜ್ತಾರ್ರೀ? ಇರುವಿ ಹುಡುಕಾಕತ್ತೀನಿ. ತುಂಬಿ ಹೂವಿನ್ಯಾಗ ಸಿಹಿ ಇರ್ತದ. ಇರುವಿ ಹತ್ತಿಲ್ಲಾಂದ್ರ ಯಾರೋ ಎಣ್ಣಿ ಹೊಡದಾರ ಅಂತನ."

ಕಳೆ ಸಾಯಲೆಂದು ಹೊಡೆಯುವ ವಿಷಕ್ಕೆ ಅವರ ಹಾವೇರಿ ಕಡೆ ಎಣ್ಣೆ ಅನ್ನುತ್ತಾರೆ. ಅರವತ್ತೊಂದರ ಈ ಹೆಂಗಸು ಕನ್ನಡ ಹುಡುಗರ ಮೆಸ್ಸಿನಲ್ಲಿ ದಿನಕ್ಕೆ ಇನ್ನೂರು ರೊಟ್ಟಿ ಬಡಿಯುತ್ತಾರೆ. ಅದಕ್ಕೂ ಮೊದಲು ತುಂಬೆಯ ಕೆಲಸ. ಇಲ್ಲಿನ ಗುಜರಾತಿಗಳ ಬಾಯಲ್ಲಿ ಇದು ಕುಬೋ. ಶ್ರಾವಣ ಸೋಮವಾರ ಶಿವನಿಗೆ ಹೂ, ನೆಗಡಿಯಾದವರಿಗೆ ಹಬೆ ಹಿಡಿಯಲು ಸೊಪ್ಪು, ಕೆಮ್ಮುವ ಮಕ್ಕಳಿಗೆ ಹಾಲಲ್ಲಿ ನೆನೆಸಿದ ನಾಲ್ಕು ಹೂ. ಹದಿನಾಲ್ಕು ಕನ್ನಡದ ಮನೆಗಳು ಇವರನ್ನು ಕಾಯುತ್ತವೆ.

ಒಂಬತ್ತು ವರ್ಷದ ಹಿಂದೆ ಒಂದು ದಿನ ಅವರು ಇರುವೆ ನೋಡಲಿಲ್ಲ. ಅವಸರದಲ್ಲಿ ಕಿತ್ತು ತಂದು, ಮೂರು ವರ್ಷದ ಮೊಮ್ಮಗಳು ಗಗನಾಳಿಗೆ ಹಾಲಲ್ಲಿ ಕುಡಿಸಿದರು. ಮಧ್ಯಾಹ್ನದೊಳಗೆ ಮಗು ವಾಂತಿ ಮಾಡಿಕೊಂಡು ಕಣ್ಣು ಮೇಲೆ ಮಾಡಿತು. ನಾಲ್ಕು ದಿನ ಆಸ್ಪತ್ರೆ.

"ಏನು ಕುಡಿಸಿದ್ರಿ ಅಂತ ಡಾಕ್ಟರು ಕೇಳಿದ್ರು. ನನ್ನ ಕೈಯಾರೆ ಕುಡಿಸಿದ್ದೆ!"

ಹೇಳುತ್ತಲೇ ಮೊಬೈಲ್ ಬೆಳಕನ್ನು ಇನ್ನೊಂದು ಗಿಡದ ಬುಡಕ್ಕೆ ಹಿಡಿಯುತ್ತಾರೆ.

ಇವತ್ತು ಒಂದೇ ಒಂದು ಇರುವೆಯೂ ಕಾಣುತ್ತಿಲ್ಲ. ಎಲೆಗಳ ಅಂಚು ಹಳದಿ ತಿರುಗಿದೆ. ಅಷ್ಟರಲ್ಲಿ ಫೋನು. ಬೋಡಕ್‌ದೇವ್‌ನ ಮೇದಿನಿ, ಹೂವಿಗೆ ಕಾಯುವ ಆ ಹದಿನಾಲ್ಕು ಮನೆಗಳಲ್ಲೊಂದರವಳು. ಅವಳ ಮಗನಿಗೆ ಎರಡು ದಿನದಿಂದ ಕೆಮ್ಮು.

"ಅಮ್ಮಾ, ನಾಲ್ಕೇ ಹೂ ಸಾಕು."

"ಒಂದೂ ಕೊಡಂಗಿಲ್ಲವ್ವಾ. ಮೊದಲು ಡಾಕ್ಟರಿಗೆ ತೋರ್ಸು. ಹಟಾ ಮಾಡಬ್ಯಾಡ."

ಫೋನಿಟ್ಟವರೇ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಗಿಡಗಳನ್ನು ಬೇರು ಸಹಿತ ಕೀಳತೊಡಗುತ್ತಾರೆ. ತಿಳಿಯದೆ ಇನ್ಯಾರೋ ಕಿತ್ತೊಯ್ದರೆ? ಬೆಳ್ಳಗೆ ಹೂಬಿಟ್ಟ ಗಿಡಗಳು ಒಂದೊಂದಾಗಿ ಚೀಲ ಸೇರುತ್ತವೆ. ಎಷ್ಟು ಕಿತ್ತರೂ ಅವರಿಗೆ ಸಮಾಧಾನವಿಲ್ಲ, ಗೋಡೆಯ ಬುಡಕ್ಕೂ ಬಗ್ಗಿ ನೋಡುತ್ತಾರೆ.

ಗಗನಾ ಈಗ ಹೇಗಿದ್ದಾಳೆ? ಚೆನ್ನಾಗಿದ್ದಾಳೆ, ಹನ್ನೆರಡು ತುಂಬಿದೆ, ಅಜ್ಜಿಯ ಜೊತೆಗೂ ಅರ್ಧ ಗುಜರಾತಿಯಲ್ಲೇ ಮಾತು. ಹಾಗಾದರೆ ಇನ್ನು ಭಯ ಯಾಕೆ ಅಂತ ಕೇಳಿಯೇಬಿಡುತ್ತೇನೆ.

ಗಿರಿಜಮ್ಮ ಸೊಂಟ ಹಿಡಿದು ಎದ್ದು ನಿಲ್ಲುತ್ತಾರೆ.

"ಆಕಿ ಈಗೂ ನಾ ಏನು ಕೊಟ್ರೂ ಏನಂತ ಕೇಳಂಗಿಲ್ರೀ. ಕಣ್ಣು ಮುಚ್ಚಿ ಕುಡದುಬಿಡ್ತಾಳ. ಅದಕ್ಕ ನನಗ ಅಂಜಿಕಿ."