ಹರಿದ ಜಾಕೆಟ್ಟಿನ ಅನಾಥ

ವೇದಿಕೆಯ ಮೇಲೆ ಅವನ ಹೆಸರು ಅನಾಥ. ಹರಿದ ಕಪ್ಪು ಜಾಕೆಟ್ ತೊಟ್ಟು, ಕಣ್ಣು ಕೆಂಪಗೆ ಮಾಡಿಕೊಂಡು, ಮೈಕನ್ನು ಯಾರದೋ ಕುತ್ತಿಗೆ ಹಿಡಿದಂತೆ ಹಿಡಿದು ರ‍್ಯಾಪ್ ಶುರು ಮಾಡಿದನೆಂದರೆ ಎಂಥವರಿಗೂ ಮೈ ಜುಮ್ಮೆನ್ನಬೇಕು. ನನ್ನ ಹಿಂದೆ ಯಾರೂ ಇಲ್ಲ, ನನ್ನ ಮುಂದೆ ಯಾರೂ ನಿಲ್ಲಬೇಡಿ ಎಂಬ ಧಾಟಿ. ಆದರೆ ಸ್ವಾಮೀ, ಆ ಜಾಕೆಟ್ ಬೀದಿ ಜಗಳದಲ್ಲಿ ಹರಿದದ್ದಲ್ಲ. ಅವನ ಅಮ್ಮನೇ ಸೀಮೆಸುಣ್ಣದಿಂದ ಗೆರೆ ಎಳೆದು, ಕತ್ತರಿಯಿಂದ ಸೀಳಿ, ಸೀಳು ಮುಂದಕ್ಕೆ ಓಡದ ಹಾಗೆ ಒಳಗಿನಿಂದ ಹೊಲಿಗೆ ಹಾಕಿ ಕೊಟ್ಟದ್ದು. "ಹರಿದಿದ್ದನ್ನ ಹೊಲಿಯೋರು ಬೇಕಾದಷ್ಟು ಜನ ಇದ್ದಾರೆ, ಹೊಸದನ್ನ ಹರಿಯೋ ಟೈಲರ್ ನಾನೊಬ್ಬಳೇ ಕಣೋ" ಎಂದು ಅವಳು ನಗುತ್ತಿದ್ದಳು.

ಹಗಲು ಹೊತ್ತು ಅವನೇ ಬೇರೆ. ಮನೆಯ ಮುಂದಿನ ಕೋಣೆಯೇ ಅಮ್ಮನ ಅಂಗಡಿ. ಅಲ್ಲಿ ದಪ್ಪ ಕನ್ನಡಕ ಹಾಕಿಕೊಂಡು, ಕೊರಳಿಗೆ ಟೇಪು ಇಳಿಬಿಟ್ಟು, ತಲೆ ತಗ್ಗಿಸಿ ಶರ್ಟುಗಳಿಗೆ ಕಾಜಾ ಮಾಡಿ ಗುಂಡಿ ಹೊಲಿಯುತ್ತಾನೆ. ಗಿರಾಕಿಗಳು ಏನಾದರೂ ಕೇಳಿದರೆ ಉತ್ತರ ಅವನ ಬಾಯಿಂದ ಅರ್ಧ ಹೊರಗೆ, ಅರ್ಧ ಒಳಗೆ. ಜಿರಳೆ ಕಂಡರೆ ಸ್ಟೂಲ್ ಹತ್ತುವ ಆಸಾಮಿ ಅವನು. ಇವನೇ ಅನಾಥ ಎಂದರೆ ಯಾರು ನಂಬುತ್ತಾರೆ?

ಅನಾಥನ ಹೆಸರು ಊರೆಲ್ಲ ಹಬ್ಬಿದ್ದು ಒಂದು ಹಾಡಿನಿಂದ. ಅಪ್ಪ ತೀರಿಕೊಂಡದ್ದರ ಮೇಲೆ ಅವನು ಆ ಹಾಡು ಕಟ್ಟಿದ್ದ. ಕಿಟಕಿ ಪಕ್ಕದ ಮಂಚ, ರಾತ್ರಿಯೆಲ್ಲ ಕೆಮ್ಮು, ನೀರು ತರುವಷ್ಟರಲ್ಲಿ ನಿಂತುಹೋದ ಉಸಿರು, ಎಲ್ಲವೂ ಇದ್ದದ್ದು ಇದ್ದ ಹಾಗೆ. ಮೊದಲೆರಡು ಸಲ ಹಾಡಿದಾಗ ಜನ ಸುಮ್ಮನೆ ಕೇಳಿ ಸುಮ್ಮನೆ ಹೋದರು. ಅವನ ಕಾರ್ಯಕ್ರಮಗಳನ್ನು ನೋಡಿಕೊಳ್ಳುವ ಮ್ಯಾನೇಜರ್ ಮಹಾ ಚಾಲಾಕಿ. "ಅಪ್ಪ ಅಂದ್ರೆ ಯಾರೂ ಅಳಲ್ಲ ಗುರೂ. ಅಮ್ಮ ಅನ್ನು, ಆಮೇಲೆ ನೋಡು" ಎಂದ. ಒಂದೇ ಪದ ತಾನೇ, ತಾಳಕ್ಕೂ ಸರಿಯಾಗಿ ಕೂರುತ್ತದೆ ಎಂದು ಇವನು ಬದಲಿಸಿದ. ಮ್ಯಾನೇಜರ್ ಹೇಳಿದ್ದು ಹೇಳಿದ ಹಾಗೇ ಆಯಿತು. ಮನೆಯಲ್ಲಿ ಮಾತ್ರ ಅಮ್ಮ ಇನ್ನೂ ಅದು ಅಪ್ಪನ ಹಾಡೆಂದೇ ತಿಳಿದಿದ್ದಳು. ಅವಳಿಗೆ ಹೊಲಿಗೆ ಯಂತ್ರದ ಸದ್ದು ಬಿಟ್ಟು ಬೇರೆ ಸಂಗೀತ ಕೇಳಲು ಪುರುಸೊತ್ತಾದರೂ ಎಲ್ಲಿತ್ತು?

ಆದರೆ ಒಂದು ದಿನ, ಸಂಜೆ ಕಾರ್ಯಕ್ರಮವಿದ್ದಾಗ, ಅವಳೇ ಬಾಯಿಬಿಟ್ಟು ಕೇಳಿದಳು. "ಇವತ್ತು ನಾನೂ ಬರ್ತೀನಿ ಕಣೋ. ಅಪ್ಪನ ಹಾಡು ಒಂದ್ಸಲ ಕೇಳ್ಬೇಕು."

ಅವನು ಕೈಯಲ್ಲಿದ್ದ ಶರ್ಟು ಕೆಳಗಿಟ್ಟ. "ಬೇಡಮ್ಮ, ಅಲ್ಲಿ ನೂಕುನುಗ್ಗಲು. ನಿನ್ನ ಮಂಡಿ ನೋವಿಗೆ ಆಗಲ್ಲ."

"ಮಂಡಿ ನಂದು, ಚಿಂತೆ ನಿಂದಾ?"

ಆಮೇಲೆ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮೈಮೇಲೆ ಇರುವೆ ಬಿಟ್ಟುಕೊಂಡವನಂತೆ ಬಾಗಿಲಿಗೂ ಬಚ್ಚಲಿಗೂ ಓಡಾಡಿದ. ಒಂದೇ ಗುಂಡಿಯನ್ನು ಎರಡು ಸಲ ತಪ್ಪು ಜಾಗದಲ್ಲಿ ಹೊಲಿದ. ಅಮ್ಮ ಸೀರೆ ಬದಲಿಸಲು ಒಳಗೆ ಹೋದದ್ದೇ ತಡ, ಜಾಕೆಟ್ ಬಾಚಿಕೊಂಡು ಪರಾರಿಯಾದ. ಹೊಸದಾಗಿ ಜೋಡಿಸಿದ ತೋಳಿಗೆ ಅವಳು ಇನ್ನೂ ಕಚ್ಚಾ ಹೊಲಿಗೆ ಮಾತ್ರ ಹಾಕಿದ್ದಳು, ಯಂತ್ರದ ಹೊಲಿಗೆ ಬಿದ್ದಿರಲಿಲ್ಲ. ಟೈಲರ್ ಮಗನಾಗಿ ಅದನ್ನು ನೋಡದೆ ಹೋದನಲ್ಲ, ಏನು ಹೇಳುವುದು!

ಸಭಾಂಗಣ ಇನ್ನೂ ಖಾಲಿಯಿತ್ತು. ಮೈಕ್ ಪರೀಕ್ಷಿಸಲು ಅವನು ಆ ಹಾಡನ್ನೇ ಎತ್ತಿಕೊಂಡ. ಕಣ್ಣು ಮುಚ್ಚಿ ಅಮ್ಮನ ಕೆಮ್ಮು, ಅಮ್ಮನ ಮಂಚ, ಅಮ್ಮನ ಕೊನೆಯ ಉಸಿರು ಎಲ್ಲವನ್ನೂ ಹಾಡಿ ಮುಗಿಸಿ ಕಣ್ಣು ಬಿಟ್ಟರೆ, ಬಾಗಿಲ ಹತ್ತಿರ ಸೂಜಿದಾರದ ಡಬ್ಬಿ ಹಿಡಿದು ಅಮ್ಮನೇ ನಿಂತಿದ್ದಾಳೆ. ಪಕ್ಕದಲ್ಲಿ ಕಾವಲಿನವನು ಕಣ್ಣು ಒರೆಸಿಕೊಳ್ಳುತ್ತಿದ್ದಾನೆ.

"ಸರ್, ಇವ್ರು ನಿಮ್ಮ ಅಮ್ಮ ಅಂದ್ರು. ಅವ್ರು ತೀರ್ಕೊಂಡಿದ್ದಾರೆ, ಹಾಗೆಲ್ಲ ತಮಾಷೆ ಮಾಡ್ಬಾರ್ದಮ್ಮ ಅಂತ ಬೈದೆ. ಜಾಕೆಟ್ ತೋಳು ಬಿಚ್ಚುತ್ತೆ ಅಂತ ಹಟ ಮಾಡಿದ್ರು, ಅದಕ್ಕೇ ಒಳಗೆ ಬಿಟ್ಟೆ" ಎಂದ ಕಾವಲಿನವನು.

ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರ್ ಹುಬ್ಬು ಗಂಟಿಕ್ಕಿದ. "ಯಾರಿವ್ರು?"

ಅಮ್ಮ ಮಗನ ಮುಖವನ್ನೇ ನೋಡಿದಳು. ಒಂದು ಮಾತು ಸಾಕಿತ್ತು, ಎರಡಕ್ಷರ.

"ನಮ್ಮ ಟೈಲರ್" ಎಂದ.

"ಕೈ ಎತ್ತಿ ಸರ್" ಎಂದಳು ಅಮ್ಮ. ಹೊಲಿದಳು, ದಾರವನ್ನು ಹಲ್ಲಿನಿಂದ ಕಡಿದಳು, ಹೊರಟುಹೋದಳು. ಆ 'ಸರ್' ಅವನ ಕಿವಿಯಲ್ಲೇ ಉಳಿಯಿತು. ಸಂಜೆ ತುಂಬಿದ ಸಭೆಯಲ್ಲಿ ಅಮ್ಮನ ಕೊನೆಯ ಉಸಿರಿನ ಸಾಲಿಗೆ ಬಂದಾಗ ಅವನು ನಿಜವಾಗಿಯೂ ಅತ್ತುಬಿಟ್ಟ. ಜನ ಹುಚ್ಚೆದ್ದು ಕಿರುಚಿದರು. ಇಷ್ಟು ಚೆನ್ನಾಗಿ ಯಾವತ್ತೂ ಹಾಡಿರಲಿಲ್ಲ ಎಂದು ಮ್ಯಾನೇಜರ್ ಬೆನ್ನು ತಟ್ಟಿದ. ಅವನಿಗೆ ಆ ಕೈಯನ್ನು ಕೊಡವಿಬಿಡಬೇಕೆನ್ನಿಸಿತು.

ಬೆಳಿಗ್ಗೆ ಅಮ್ಮ ಎಂದಿನಂತೆ ಯಂತ್ರದ ಮುಂದೆ ಕೂತಿದ್ದಳು. ಅವನು ಅವಳ ಸುತ್ತ ಸುಳಿದಾಡಿದ, ನೆಲದ ದಾರದ ಚೂರುಗಳನ್ನೆಲ್ಲ ಹೆಕ್ಕಿದ. ಕೊನೆಗೂ ಬಾಯಿಬಿಟ್ಟ. "ಅಮ್ಮಾ, ತಪ್ಪಾಯ್ತು."

"ನನ್ನ ಸಾಯ್ಸಿದ್ದಕ್ಕೆ ಬೇಜಾರಿಲ್ಲ ಕಣೋ, ಹೇಗಿದ್ರೂ ಒಂದಿನ ಸಾಯೋಳೇ" ಎಂದಳು, ತಲೆ ಎತ್ತದೆ. "ಆದ್ರೆ ಆ ಕೆಮ್ಮು ಅವ್ರದ್ದು, ಆ ಮಂಚ ಅವ್ರದ್ದು. ಸತ್ತೋರ ಹತ್ರ ಇದ್ದಿದ್ದೇ ಅಷ್ಟು. ಅದನ್ನೂ ಕಿತ್ಕೊಂಡು ನನಗೆ ಹಾಕಿದೆಯಲ್ಲೋ."

ಅಷ್ಟರಲ್ಲಿ ಕಾಲೇಜು ಹುಡುಗಿಯೊಬ್ಬಳು ಹೊಸ ಕಪ್ಪು ಜಾಕೆಟ್ ಹಿಡಿದು ಬಂದಳು. "ಆಂಟಿ, ಇದನ್ನ ಅನಾಥನ ಜಾಕೆಟ್ ಥರಾನೇ ಹರಿದು ಕೊಡ್ತೀರಾ? ನಿನ್ನೆ ಅವನು ಅತ್ತಿದ್ದು ನೋಡಿ ನಾನೂ ಅತ್ತುಬಿಟ್ಟೆ. ಅಮ್ಮ ಇಲ್ದಿರೋನು, ಪಾಪ."

"ಪಾಪ" ಎಂದಳು ಅಮ್ಮ.

ಹುಡುಗಿ ಸುಮ್ಮನೆ ಮಾತಿಗೆ ಕೇಳಿದಳು. "ಇವ್ರು ನಿಮ್ಮ ಮಗನಾ?"

ಯಂತ್ರ ನಿಲ್ಲಲಿಲ್ಲ. "ಅಲ್ಲಮ್ಮ. ಕಾಜಾ ಮಾಡೋಕೆ ಇಟ್ಕೊಂಡಿರೋದು. ಇವನಿಗೂ ಯಾರೂ ಇಲ್ಲ."

ಕೆನ್ನೆಗೆ ಬಾರಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ. "ಇವ್ರು ನಮ್ಮಮ್ಮ" ಎಂದ. ಅಂಗಡಿಯ ದನಿ ಎಂದಿನಂತೆ ಗಂಟಲಲ್ಲೇ ಉಳಿಯಿತು. ಹುಡುಗಿಗೆ ಕೇಳಿಸಲಿಲ್ಲ. ಈಗಲೂ ಸುಮ್ಮನಿದ್ದುಬಿಡಬಹುದಿತ್ತು. ಅವನು ಎದ್ದು ನಿಂತ. ಈ ಸಲ ಬಂದದ್ದು ವೇದಿಕೆಯ ದನಿ, ಗೋಡೆಯ ಮೇಲಿನ ಕನ್ನಡಿ ಅದುರಿತು.

"ಇವ್ರು ನಮ್ಮಮ್ಮ. ಸತ್ತಿದ್ದು ನಮ್ಮಪ್ಪ."

ಹುಡುಗಿ ಬಿಟ್ಟ ಬಾಯಿ ಬಿಟ್ಟ ಹಾಗೇ ಅವನ ಕನ್ನಡಕ ನೋಡಿದಳು, ಗೂಟದಲ್ಲಿ ನೇತಾಡುತ್ತಿದ್ದ ಹರಿದ ಜಾಕೆಟ್ ನೋಡಿದಳು. ಮೆಲ್ಲಗೆ ಅವಳ ಕೈ ಫೋನಿನತ್ತ ಹೋಯಿತು. ಇನ್ನು ಊರಿಗೆಲ್ಲ ಗೊತ್ತಾಗುತ್ತದೆ ಎಂದು ಅವನಿಗೆ ತಿಳಿಯಿತು. ಆದರೂ ಅವನು ಕೂರಲಿಲ್ಲ.

ಯಂತ್ರ ನಿಂತಿತು. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಫೋನ್ ಆಮೇಲಮ್ಮ, ಮೊದ್ಲು ಜಾಕೆಟ್ ಕೊಡು" ಎಂದು ಅದನ್ನು ಮೇಜಿನ ಮೇಲೆ ಹಾಸಿದಳು. ಆಮೇಲೆ ಸೀಮೆಸುಣ್ಣವನ್ನು ಅವನ ಕಡೆ ಚಾಚಿದಳು. "ಎಲ್ಲಿ ಹರೀಬೇಕು, ಗುರುತು ಹಾಕು ಮಗನೇ."

ಅವನು ಎಳೆದ ಗೆರೆ ಸೊಟ್ಟಗಾಯಿತು. ಅವಳು ಬೈಯಲಿಲ್ಲ.