ಎರಡು ವರ್ಷದ ಗೋರಿ

ಮುಂಬಯಿ ಪಕ್ಕದ ಠಾಣೆ ಪಟ್ಟಣದ ಕೋಪರಿಯಲ್ಲಿ ನಮ್ಮದು ಮೀನೂಟದ ಹೋಟೆಲು. ಅಲ್ಲಿ ಹದಿನೆಂಟು ವರ್ಷ ಅಡುಗೆ ಮಾಡಿದವರು ಉಡುಪಿ ಕಡೆಯ ಕ್ರಿಶ್ಚಿಯನ್ನರೊಬ್ಬರು, ಮದುವೆಯಾಗದವರು. ಮುಂಬಯಿ ಮುಳುಗಿತಲ್ಲ, ಆ ದೊಡ್ಡ ಮಳೆಯ ಮರುವರ್ಷ ಜ್ವರ ಬಂದು ತೀರಿಕೊಂಡರು. ಊರಲ್ಲಿದ್ದ ಅವರ ಅಕ್ಕನಿಗೆ ಮೊಣಕಾಲು ನೋವು, ಬರುವ ಹಾಗಿರಲಿಲ್ಲ. ಪಾದ್ರಿಗಳನ್ನು ಕಂಡು ಠಾಣೆಯ ಹಳೆಯ ಸ್ಮಶಾನದಲ್ಲಿ ಮಣ್ಣು ಮಾಡಿಸಿದವನು ನಾನೇ. ಫೋನಿನಲ್ಲಿ ಅಕ್ಕನಿಗೆ ಧೈರ್ಯ ಹೇಳಿದೆ: “ಸುಟ್ಟು ಬೂದಿ ಮಾಡಿದ್ದಲ್ಲವಲ್ಲ ಅಕ್ಕ, ಜಾಗ ಎಲ್ಲಿಗೂ ಹೋಗುದಿಲ್ಲ. ನಿಧಾನಕ್ಕೆ ಬನ್ನಿ. ನಾನು ನೋಡಿಕೊಳ್ತೇನೆ.”

ನೋಡಿಕೊಂಡದ್ದು ಮಣ್ಣಂಗಟ್ಟಿ. ನಮ್ಮ ಹಿಂದೂಗಳಲ್ಲಿ ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ಮೇಲೆ ಸ್ಮಶಾನದ ದಿಕ್ಕಿಗೆ ಯಾರೂ ತಲೆ ಹಾಕುವುದಿಲ್ಲ. ನಾನೂ ಹಾಕಲಿಲ್ಲ.

ನಾಲ್ಕನೆಯ ವರ್ಷ ಅಕ್ಕನ ಫೋನು: ಕಾಲು ವಾಸಿ, ಶುಕ್ರವಾರದ ರೈಲಿಗೆ ಹೊರಟಿದ್ದೇನೆ. ಹುಲ್ಲು ಕೀಳಿಸಿ ಸುಣ್ಣ ಹೊಡೆಸೋಣವೆಂದು ಗುರುವಾರ ಓಡಿದರೆ, ಅವರ ಜಾಗದಲ್ಲಿ ಯಾವುದೋ ಹೆಂಗಸಿನ ಹೆಸರಿನ ಹೊಸ ಶಿಲುಬೆ!

“ದೋ ಸಾಲ್ ಬಾದ್ ಖೋಲ್ತೇ ಹೈ, ಸೇಠ್. ಜಗಾ ಕಹಾಂ ಹೈ?” ಅಂದ ಕಾವಲಿನವನು. ಎರಡು ವರ್ಷ ಕಳೆದರೆ ಅಗೆದು ಬೇರೆಯವರಿಗೆ ಕೊಡುವುದು ಅಲ್ಲಿನ ಕ್ರಮ. ಅಗೆಯುವ ಮೊದಲು ಬೋರ್ಡಿಗೆ ಚೀಟಿ ಅಂಟಿಸಿದ್ದರಂತೆ. ಕೇಳುವವರಿಲ್ಲದ ಎಲುಬು ಮೂಲೆಯ ಗುಂಡಿಗೆ. ಗೋಡೆಯಾಚೆ ಯಹೂದಿಗಳ ಭಾಗ; ಅವರು ಒಮ್ಮೆ ಹೂಳಿದವರನ್ನು ಅಲುಗಿಸುವುದೇ ಇಲ್ಲವಂತೆ. ಅಜ್ಜಂದಿರ ಕಾಲದ ಕಲ್ಲುಗಳು ಇಟ್ಟಲ್ಲೇ ಇದ್ದವು. ನೋಡಿ ಹೊಟ್ಟೆಕಿಚ್ಚಾಯಿತು ನನಗೆ.

ಎರಡು ದಿನ ಕೂತಲ್ಲಿ ಕೂರಲಾಗಲಿಲ್ಲ. ಕೌಂಟರಿನಿಂದ ಎದ್ದು ಸ್ಟೇಷನ್ ತನಕ ನಡೆಯುವುದು, ಏನೂ ಕೆಲಸವಿಲ್ಲದೆ ವಾಪಸು ಬರುವುದು. “ಹೆಸರಿಲ್ಲದ ಗೋರಿ ಯಾವುದಾದ್ರೂ ತೋರಿಸಿ. ಪಾಪ, ಅಷ್ಟು ದೂರದಿಂದ ಬರ್ತಾರೆ,” ಅಂದಳು ಹೆಂಡತಿ. ಅವಳಿಗೆ ಬೈದೆ. ಆಮೇಲೆ ಹೋಗಿ ಅಂಥದ್ದೊಂದನ್ನು ನೋಡಿಟ್ಟು ಬಂದೆ.

ಶನಿವಾರ ಅಕ್ಕ ಮೇಣದಬತ್ತಿ ಹಿಡಿದೇ ಗೇಟು ದಾಟಿದರು. ನಾನು ಕೈ ಎತ್ತಿ ತೋರಿಸುವ ಮೊದಲೇ ಕೇಳಿದರು, “ಗುಂಡಿ ಯಾವ ಬದಿಗೆ, ಧಣಿ?”

“ಯಾವ ಗುಂಡಿ?”

“ಎಲುಬಿನದ್ದು. ನಾಲ್ಕು ವರ್ಷ ಆಯ್ತಲ್ಲ, ತೆಗೆದಿರ್ತಾರೆ. ಊರಿನ ಇಗರ್ಜಿಯಲ್ಲೂ ಹಾಗೇ. ಅದಕ್ಕೆ ನಂಗೆ ಬೇಜಾರಿಲ್ಲ.”

ಅಬ್ಬ, ಹೋದ ಜೀವ ಬಂದಂತಾಯಿತು. ಮೂಲೆಗೆ ಕರೆದೊಯ್ದೆ. ಅವರು ಬತ್ತಿ ಹಚ್ಚಿ, ಪ್ರಾರ್ಥನೆ ಮುಗಿಸಿ, ನನ್ನ ಕಡೆ ತಿರುಗಿದರು.

“ಎಲುಬು ತೆಗೆಯುವಾಗ ಮನೆಯವರೊಬ್ಬರು ಹತ್ತಿರ ನಿಲ್ಬೇಕು. ನನ್ನಿಂದ ಆಗ್ಲಿಲ್ಲ. ನೀವಿದ್ದೀರಲ್ಲ ಅಂತ ಧೈರ್ಯದಲ್ಲಿದ್ದೆ. ನಿಂತಿದ್ರಲ್ಲ, ಧಣಿ?”

“ನಿಂತಿದ್ದೆ,” ಅಂದೆ.

ಅವರು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.